ದೊಡ್ಡವ್ವನ ಗೇಣು

ದೊಡ್ಡವ್ವನ ಬಲಗೈ ಕಿರುಬೆರಳು ಕುಡುಗೋಲಿನ ಹಾಗೆ ಒಳಕ್ಕೆ ಬಾಗಿತ್ತು. ಯಾವ ಕಾಲದಲ್ಲೋ ಎಮ್ಮೆಯ ಹಗ್ಗಕ್ಕೆ ಸಿಕ್ಕಿ ಮುರಿದದ್ದು, ಮತ್ತೆ ನೆಟ್ಟಗೆ ಕೂಡಿಕೊಳ್ಳಲೇ ಇಲ್ಲವಂತೆ. ದಿನಾ ಬೆಳಗ್ಗೆ ಅದೇ ಕೈಯನ್ನು ನಮ್ಮ ಓಣಿಯ ಗೋಬರ್ ಗ್ಯಾಸಿನ ಡ್ರಮ್ಮಿಗೆ ಊರಿ, ಗ್ಯಾಸು ತುಂಬಿದಷ್ಟೂ ತೊಟ್ಟಿಯ ಅಂಚಿನಿಂದ ಮೇಲೇಳುವ ಅದು ಎಷ್ಟು ಎದ್ದಿದೆ ಎಂದು ಗೇಣು ಹಾಕಿ ಅಳೆಯುತ್ತಿದ್ದರು. ಮೂರೇ ಗೇಣಿದ್ದರೆ, ಕಾಳು ಬೇಯಿಸುವುದನ್ನು ನಾಳೆಗಿಟ್ಟುಕೊಳ್ಳಿ ಎಂದು ಎಲ್ಲ ಮನೆಗೂ ಕೇಳುವಂತೆ ಹೇಳುವರು. ಬೆರಳು ಬಾಗಿದ್ದರಿಂದ ಅವರ ಗೇಣು ಗಿಡ್ಡ. ದೊಡ್ಡವ್ವನ ಮೂರು ಗೇಣೆಂದರೆ ನಮ್ಮ ಎರಡೂವರೆ ಎಂದು ಹೆಂಗಸರೆಲ್ಲ ನಗುತ್ತಿದ್ದೆವು.

ಅವರು ನನಗೆ ನೆಂಟರಲ್ಲ, ಓಣಿಗೆಲ್ಲ ದೊಡ್ಡವ್ವ. ಜಗಳೂರಿಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ ನಮ್ಮೂರು. ಐದು ಮನೆಗೆ ಸೇರಿ ಒಂದೇ ಗ್ಯಾಸ್ ಪ್ಲಾಂಟು. ನಾಲ್ಕು ಮನೆಯವರು ದನದ ಸಗಣಿ ತಂದು ಹಾಕುವರು. ನನಗೆ ದನವಿಲ್ಲ. ಒಂಟಿ ಹೆಂಗಸು, ಜೋಳದ ರೊಟ್ಟಿ ಬಡಿದು ಜಗಳೂರಿನ ಖಾನಾವಳಿಗೆ ಕಳಿಸಿ ಬದುಕುವವಳು. ಸಗಣಿಗೆ ನೀರು ಬೆರೆಸಿ, ಹುಲ್ಲುಕಡ್ಡಿ ಆರಿಸಿ, ಕಲಸಿ ತೊಟ್ಟಿಗೆ ಬಿಡುವುದು ನನ್ನ ಪಾಲಿನ ಕೆಲಸ. ಹಾಗೆಂದು ಗೊತ್ತುಮಾಡಿದವರೂ ದೊಡ್ಡವ್ವನೇ. ಕೆಲವು ದಿನ ತಾವೂ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಕಡ್ಡಿ ಆರಿಸುತ್ತ, ನಿನ್ನೆ ಏನು ಉಂಡೆ ಎಂದು ವಿಚಾರಿಸುತ್ತಿದ್ದರು.

ಒಂದು ವರ್ಷ ಗ್ಯಾಸು ಸಾಲದಾಯಿತು. ಸಂಜೆ ಸಾರು ಕುದಿಯುವ ಮೊದಲೇ ಉರಿ ಕುಗ್ಗಿಬಿಡುತ್ತಿತ್ತು. ಎಲ್ಲರ ಕಣ್ಣೂ ನನ್ನ ಹಂಚಿನ ಮೇಲೆ. ರೊಟ್ಟಿ ಜಗಳೂರಿಗೆ ಹೋಗುತ್ತವೆ, ಗ್ಯಾಸು ಮಾತ್ರ ಓಣಿಯದು ಎಂದು ಪಕ್ಕದ ಮನೆಯ ಅಕ್ಕ ನನಗೆ ಕೇಳಿಸುವಂತೆಯೇ ಅಂದಳು. ಕೊನೆಗೆ ದೊಡ್ಡವ್ವನೂ ಬಂದು ಹೊಸ್ತಿಲ ಹತ್ತಿರ ನಿಂತರು. "ತಂಗೀ, ದಿನಕ್ಕೆ ಹತ್ತು ರೊಟ್ಟಿ ಕಮ್ಮಿ ಮಾಡಾಕೆ ಆಗ್ತೈತಾ?" ಕಮ್ಮಿ ಮಾಡಿದೆ. ಆದರೂ ಗ್ಯಾಸು ಸಾಲಲಿಲ್ಲ.

ಪ್ಲಾಂಟು ಹಾಕಿಸಿಕೊಟ್ಟವರ ಕಡೆಯ ಮೇಡಂ ಆಗ ಒಂದು ಹೊಸ ಪದ್ಧತಿ ಹೇಳಿದರು. ಮನೆಗೊಂದು ಮೀಟರ್, ಯಾರು ಎಷ್ಟು ಸಗಣಿ ಹಾಕುತ್ತಾರೋ ಅವರಿಗೆ ಅಷ್ಟು ಗ್ಯಾಸು. ದನವಿದ್ದ ಉಳಿದ ಮೂರು ಮನೆಯವರೂ ಹೂಂ ಎಂದು ತಲೆಯಾಡಿಸಿದರು. ಸಗಣಿಯೇ ಇಲ್ಲದ ನನಗೆ ಎಲ್ಲಿಯ ಗ್ಯಾಸು? ದೊಡ್ಡವ್ವ ಮಾತ್ರ, ಒಂದು ತಿಂಗಳು ಬರೀ ಮೀಟರ್ ಕೂರಿಸಿ ನೋಡೋಣ, ಹಂಚುವ ಮಾತು ಆಮೇಲೆ ಎಂದರು.

ತಿಂಗಳಾದ ಮೇಲೆ ಅವರ ಮನೆಯ ಕಟ್ಟೆಯ ಮೇಲೆ ಎಲ್ಲರೂ ಸೇರಿದೆವು. ಮೇಡಂ ಐದೂ ಮೀಟರಿನ ಲೆಕ್ಕ ಓದಿ ಹೇಳಿದರು. ಎಲ್ಲರಿಗಿಂತ ಹೆಚ್ಚು ಗ್ಯಾಸು ಹೋಗಿದ್ದು ದೊಡ್ಡವ್ವನ ಮನೆಗೆ. ಮೀಟರೇ ಕೆಟ್ಟಿರಬೇಕು ಎಂದ ಅವರ ಮಗ. ದೊಡ್ಡವ್ವ ಎದ್ದು ಒಳಗೆ ಹೋಗಿ, ಒಲೆ ಆರಿಸಿ ಬಂದು ಮೀಟರ್ ಮುಂದೆ ನಿಂತರು. ಅದು ಓಡುತ್ತಲೇ ಇತ್ತು. ಪೈಪಿನುದ್ದಕ್ಕೂ ಸೋಪಿನ ನೀರು ಸವರಿದಾಗ, ಜೋಳದ ಚೀಲಗಳ ಹಿಂದೆ ಒಂದು ಕಡೆ ಬುಳುಬುಳು ನೊರೆ ಎದ್ದಿತು; ಗ್ಯಾಸು ಸೋರುತ್ತಿದ್ದದ್ದು ಅಲ್ಲಿಂದ.

ಅವರು ಹೊರಗೆ ಬಂದು ನನ್ನ ಪಕ್ಕದಲ್ಲಿ ಕೂತು, ಆ ಡೊಂಕು ಬೆರಳಿನ ಕೈಯಲ್ಲಿ ನನ್ನ ಕೈ ಹಿಡಿದುಕೊಂಡರು.

"ಮೀಟರ್ ಇರ್ಲಿ. ಇದು ಬರ್ದೇ ಇದ್ದಿದ್ರೆ ಸಾಯೋತನಕ ಈ ತಂಗೀ ಮೇಲೇ ಅನುಮಾನ ಇಟ್ಕೊಂಡಿರ್ತಿದ್ದೆ. ಆದ್ರೆ ಸಗಣಿ ತೂಕ ಬ್ಯಾಡ. ಅದ್ರಿಂದ ನಾಲ್ಕು ಮನೆಗೆ ಒಂದೊಂದು ಚೂರು ಲಾಭ, ಒಂದು ಮನೆ ಒಲೆ ಪೂರ್ತಿ ಆರ್ತೈತೆ. ಕಲಸೋ ಕೈಯನ್ನೂ ಒಂದು ದನ ಅಂತ ಹಿಡೀರಿ."

"ಹಂಗಾದ್ರೆ ಇವಳಿಗೂ ಹುಲ್ಲು ಹಾಕ್ಬೇಕಾಗ್ತೈತೆ," ಎಂದಳು ಪಕ್ಕದ ಮನೆಯ ಅಕ್ಕ.

"ಹಾಕು. ಹಿಂಡೀನೂ ಹಾಕು," ಎಂದರು ದೊಡ್ಡವ್ವ. ಅಷ್ಟು ದಿನದ ಮೇಲೆ ಓಣಿ ಒಟ್ಟಿಗೆ ನಕ್ಕಿತು. ನಾನೂ ನಕ್ಕೆ, ಕಣ್ಣೊರೆಸಿಕೊಂಡೆ. ದೊಡ್ಡವ್ವನ ಮಾತೇ ನಿಂತಿತು.

ಮೀಟರ್ ಬಂದ ಮೇಲೂ ಅವರು ಗೇಣು ಹಾಕುವುದನ್ನು ಬಿಡಲಿಲ್ಲ. ಯಾಕೆಂದು ಕೇಳಿದರೆ, ಮೀಟರ್ ಖರ್ಚಾದದ್ದನ್ನು ಹೇಳುತ್ತದೆ, ಉಳಿದದ್ದು ಕೈಗೇ ಗೊತ್ತಾಗಬೇಕು ಎನ್ನುವರು.

ಹೋದ ಮಾಘದಲ್ಲಿ ದೊಡ್ಡವ್ವ ತೀರಿಕೊಂಡರು. ಆ ದಿನ ಐದು ಮನೆಯಲ್ಲೂ ಒಲೆ ಹಚ್ಚಲಿಲ್ಲ. ಮರುದಿನ ಬೆಳಗ್ಗೆ ಸಗಣಿ ಕಲಸಲು ಹೋದರೆ, ಡ್ರಮ್ಮು ನಾನು ಎಂದೂ ನೋಡದಷ್ಟು ಎತ್ತರಕ್ಕೆ ಎದ್ದು ನಿಂತಿತ್ತು. ಕೈ ಊರಿ ಅಳೆದೆ. ನನ್ನ ಗೇಣಿನಲ್ಲಿ ಐದು. ಅವರದರಲ್ಲಿ ಆರಾಗುತ್ತಿತ್ತು.

ಅವರ ಮನೆಗೆ ಬಂದ ನೆಂಟರಿಗೆ ರೊಟ್ಟಿ ಬಡಿಯಲೆಂದು ಆ ಗ್ಯಾಸನ್ನೆಲ್ಲ ಓಣಿಯವರು ನನಗೇ ಬಿಟ್ಟರು. ಆ ದಿನ ಯಾರೂ ಮೀಟರ್ ನೋಡಲಿಲ್ಲ. ಹಿಟ್ಟು ಮುಗಿಯುವವರೆಗೆ ಬಡಿದೆ. ಆಮೇಲೆ ಇನ್ನಷ್ಟು ಹಿಟ್ಟು ತಂದು, ಹತ್ತು ರೊಟ್ಟಿ ಹೆಚ್ಚಿಗೆ ಬಡಿದೆ.