ದಸ್ತಿ ಹಾಕಿದ ಸೀಟು

ಪ್ರಶ್ನೆ ಕೇಳದೆ ಕುಳಿತವರು ಕಲಿಯುತ್ತಿಲ್ಲ ಎಂಬುದು ನನ್ನ ವಾದವಾಗಿತ್ತು. ಆಳಂದದ ಡಿಗ್ರಿ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆಲ್ಲ ನನ್ನನ್ನೇ ಕಳಿಸುತ್ತಿದ್ದರು. ತರಗತಿ ಮುಗಿದ ಮೇಲೂ ನಾನು ಸರ್ ಜೊತೆ ವಾದಿಸುತ್ತ ನಿಲ್ಲುತ್ತಿದ್ದೆ. ನನ್ನದೇ ದಾರಿಯ, ನರೋಣಾ ಕಡೆಯ ಸಹಪಾಠಿಗಳು ಗಂಟೆ ಹೊಡೆದೊಡನೆ ಬಸ್ಸಿಗೆ ಓಡುತ್ತಿದ್ದರು. ನಾನು ಮುಂದಿನ ಬಸ್ಸಿಗೆ, ಒಬ್ಬನೇ.

ಒಂದು ದಿನ ಅರ್ಥಶಾಸ್ತ್ರದ ಸರ್ ಕೇಳಿದರು: "ಓದಿನಾಗ ತೊಡಗಿಸಿಕೊಳ್ಳೋದು ಅಂದ್ರ ಏನ್ರಪಾ?"

ಹಿಂದಿನ ಬೆಂಚಿನ ಹುಡುಗಿ ಎದ್ದಳು. "ದಿನಾ ಬರ್ತೀವಲ್ರಿ ಸರ. ಅದೇ."

"ಬೆಂಚೂ ದಿನಾ ಇಲ್ಲೇ ಇರ್ತದ್ರಿ," ಎಂದೆ. ಯಾರೂ ನಗಲಿಲ್ಲ. ಅವಳು ಕುಳಿತುಬಿಟ್ಟಳು.

ಅಂದು ಸರ್ ಬೇಗ ಹೊರಟುಹೋದರು. ವಾದಕ್ಕೆ ಯಾರೂ ಸಿಗದೆ ನಾನೂ ನರೋಣಾ ಸಹಪಾಠಿಗಳ ಬಸ್ಸನ್ನೇ ಹತ್ತಿದೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ದಸ್ತಿ, ಅಂದರೆ ಕರವಸ್ತ್ರ, ಎಸೆದು ಸೀಟು ಹಿಡಿಯುವುದು ನಮ್ಮ ಕಡೆಯ ರೂಢಿ. ಹಿಂದಿನ ಸೀಟುಗಳ ಮೇಲೆಲ್ಲ ಅವರ ದಸ್ತಿಗಳಿದ್ದವು. ನಾನು ಕಂಬಿ ಹಿಡಿದು ನಿಂತೆ.

ಅದೇ ಹುಡುಗಿ, ಅಂದು ಆಳಂದದ ಹತ್ತಿರ ಹೊಲದ ಕೂಲಿಗೆ ಹೋಗಿ ತರಗತಿಗೆ ಬಾರದ ಗೆಳೆಯನೊಬ್ಬನಿಗೆ ಅಂದಿನ ಪಾಠ ಹೇಳುತ್ತಿದ್ದಳು. "ಹೊಲಕ್ಕ ಹೋದ್ರ ಕ್ಲಾಸ್ ಹೋಯ್ತು, ಕ್ಲಾಸಿಗಿ ಬಂದ್ರ ಕೂಲಿ ಹೋಯ್ತು. ಬಿಟ್ಟಿದ್ದೇ ಅವಕಾಶ ವೆಚ್ಚ. ತಿಳೀತೇನ್ಲೇ?"

"ಅಂದ್ರ ನಿನ್ನ ಬಾಜೂಕ ಕುಂತು ಕಿಟಕಿ ಸೀಟ್ ಬಿಟ್ಟೀನಲ್ಲ, ಅದು?"

"ಹಾಂ. ನಿನ್ನ ಸಲುವಾಗಿ ನನ್ನ ನಿದ್ದಿ ಹೋಯ್ತು, ಅದನ್ನೂ ಬರ್ಕೋ!"

ಹಿಂದಿನ ಸೀಟುಗಳೆಲ್ಲ ನಕ್ಕವು. ನಾನು ಸುಮ್ಮನಿರಬೇಕಿತ್ತು. "ಹಂಗಲ್ಲ, ಬಿಟ್ಟಿದ್ದೆಲ್ಲಾ ಲೆಕ್ಕಕ್ಕ ಬರಂಗಿಲ್ಲ, ಅದರಾಗ ಭಾಳ ಚಲೋದು ಒಂದೇ..."

"ಖರೇ ಅದರಿ ಅಣ್ಣಾರ," ಎಂದಳು ಅವಳು, ಬಹಳ ಮರ್ಯಾದೆಯಿಂದ. ಪಾಠ ಅಲ್ಲಿಗೆ ನಿಂತಿತು. ಒಬ್ಬೊಬ್ಬರಾಗಿ ಮೊಬೈಲ್ ತೆಗೆದರು.

ಬರೀ ಬರುವುದೇ ಕಲಿಕೆ ಎಂದು ನಾನು ಈಗಲೂ ಒಪ್ಪುವುದಿಲ್ಲ. ಆದರೆ ಅವಳ 'ದಿನಾ ಬರ್ತೀವಿ'ಯೊಳಗೆ ಈ ಬಸ್ಸೂ ಇತ್ತು. ಪ್ರಶ್ನೆಯೇ ಕಲಿಕೆ ಎನ್ನುವ ನಾನು, ಆ ಮಾತಿನ ಅರ್ಥವೇನೆಂದು ಅವಳನ್ನು ಕೇಳಿರಲಿಲ್ಲ.

ಮರುದಿನ ಗಂಟೆ ಹೊಡೆದೊಡನೆ ನಾನೂ ಓಡಿದೆ. ದಸ್ತಿ ಎಸೆದೆ. ಅವರ ಮುಂದಿನ ಸೀಟೇ ಸಿಕ್ಕಿತು. ಕಿಟಕಿಗೆ ಸರಿದು, ಅವರಲ್ಲೊಬ್ಬರಿಗೆಂದು ಪಕ್ಕದ ಜಾಗದಲ್ಲಿ ದಸ್ತಿ ಹಾಸಿದೆ. ಅವರು ಬಂದರು, ನನ್ನ ಹಿಂದೆ ಇಬ್ಬರ ಸೀಟಿನಲ್ಲಿ ಮೂವರು ಒತ್ತಿಕೊಂಡು ಕುಳಿತರು.

ಕೈಚೀಲ ಹಿಡಿದ ಹೆಂಗಸೊಬ್ಬರು ಕೇಳಿದರು: "ಇಲ್ಲಿ ಯಾರರ ಬರ್ತಾರೇನಪಾ?"

ಹಿಂದೆ ಪಾಠ ಶುರುವಾಗಿತ್ತು, ಬಸ್ಸೂ ಹೊರಟಿತ್ತು.

"ಬರ್ತಾರ್ರಿ," ಎಂದೆ.