ತಮ್ಮ ಹೇಳದೆ ಬಿಟ್ಟ ತಪ್ಪು

ನಾನೀಗ ಮಗಳ ಜೊತೆ ಇರುವ ಕೊಡಿಯಾಲ್‌ಬೈಲಿನ ಫ್ಲ್ಯಾಟಿನ ಕೆಳಗೆ, ಮಳೆ ಶುರುವಾದರೆ ವಾಚ್‌ಮನ್ ಲಿಫ್ಟಿನ ಎದುರು ಒಂದು ಗೋಣಿಚೀಲ ಹಾಸುತ್ತಾನೆ. ಒದ್ದೆಯಾದ ಆ ಗೋಣಿಯ ವಾಸನೆ ಬಂದರೆ ನನ್ನ ಕಾಲು ಅಲ್ಲಿಯೇ ನಿಲ್ಲುತ್ತದೆ. ಕಾಟಿಪಳ್ಳದ ನಮ್ಮ ಮನೆಯ ವಾಸನೆ ಅದು. ಸಂಜೆ ಬೀಡಿ ಎಲೆಯ ಕಟ್ಟುಗಳನ್ನು ನೀರಿಗೆ ಅದ್ದಿ ಗೋಣಿಯಲ್ಲಿ ಸುತ್ತಿಟ್ಟರೆ ಬೆಳಿಗ್ಗೆ ಕತ್ತರಿಸಲು ಹದವಾಗುತ್ತಿತ್ತು. ಹೊಗೆಸೊಪ್ಪಿನ ಘಾಟು, ಎಲೆಯ ತಂಪು, ಅಮ್ಮನ ತಲೆಯ ತೆಂಗಿನೆಣ್ಣೆ, ಎಲ್ಲ ಸೇರಿ ಒಂದೇ ವಾಸನೆ. ಆ ಮನೆ ಈಗ ಇಲ್ಲ. ಅಮ್ಮ ಇಲ್ಲ, ತಮ್ಮ ಸುಧೀರನೂ ಇಲ್ಲ. ನಿಮಗೂ ಇಂಥದೊಂದು ಮನೆ ಇದ್ದಿರಬಹುದು, ನೆನೆದರೆ ಕಣ್ಣು ತುಂಬಿಯೂ ಹಿತವಾಗುತ್ತಿರಬಹುದು. ನನಗೆ ಆ ಹಿತ ಸಿಗುವುದಿಲ್ಲ. ಅದಕ್ಕೆ ಕಾರಣ ನಾನೇ.

ಅಪ್ಪ ತೀರಿಕೊಂಡ ವರ್ಷ ನನ್ನನ್ನು ಆರನೇ ಕ್ಲಾಸಿಗೆ ಬಿಡಿಸಿ ಬೀಡಿಗೆ ಕೂರಿಸಿದರು. ನನಗಿಂತ ನಾಲ್ಕು ವರ್ಷ ಚಿಕ್ಕವನಾದ ಸುಧೀರ ಶಾಲೆಗೆ ಹೋದ. ಮನೆಯಲ್ಲಿದ್ದ ಒಂದೇ ಕೊಡೆ ಅವನಿಗೆ, ಪುಸ್ತಕ ಒದ್ದೆಯಾಗಬಾರದಲ್ಲ. ನಾನು ಸುತ್ತಿದ ಬೀಡಿ ತೆಗೆದುಕೊಂಡು ಬೀಡಿ ಕಂಪನಿಯ ಬ್ರಾಂಚಿಗೆ ಹೋಗುವಾಗ ತಲೆಗೆ ಪ್ಲಾಸ್ಟಿಕ್ ಹಾಕಿಕೊಳ್ಳುತ್ತಿದ್ದೆ. ವಾರವಿಡೀ ನಾನು ಕಾಯುತ್ತಿದ್ದದ್ದು ಭಾನುವಾರ ಬೆಳಿಗ್ಗೆ, ಅಪ್ಪ ಇದ್ದಾಗ ತಂದ ಟಿವಿಯಲ್ಲಿ ಬರುತ್ತಿದ್ದ ಬಾಹ್ಯಾಕಾಶದ ಧಾರಾವಾಹಿಗೆ. ನೆರೆಯ ಹೆಂಗಸರು ಅವರವರ ಬೀಡಿಯ ಮೊರ ಹಿಡಿದುಕೊಂಡು ನಮ್ಮ ಚಾವಡಿಗೆ ಬರುತ್ತಿದ್ದರು. ಮಡಿಲಲ್ಲಿ ಬೀಡಿ, ಕಣ್ಣೆದುರು ನಕ್ಷತ್ರ. ಸುಧೀರ ಮಾತ್ರ ನೋಟ್‌ಬುಕ್ ಹಿಡಿದು ಕೂತು ಧಾರಾವಾಹಿಯ ತಪ್ಪುಗಳನ್ನು ಬರೆದುಕೊಳ್ಳುತ್ತಿದ್ದ. ಹಡಗಿನ ಕರೆಂಟ್ ಪೂರ್ತಿ ಹೋಗಿದೆ ಎನ್ನುತ್ತಾರೆ, ಹಾಗಾದರೆ ಬಾಗಿಲು ತನ್ನಷ್ಟಕ್ಕೆ ಸರಿದದ್ದು ಹೇಗೆ? ಗಾಳಿಯೇ ಇಲ್ಲದ ಕಡೆ ಢಂ ಎಂಬ ಸದ್ದು ಎಲ್ಲಿಂದ? ಶನಿವಾರ ಬ್ರಾಂಚಿನ ಚೆಕ್ಕರ್ ನಾನು ಸುತ್ತಿದ ಬೀಡಿಯನ್ನು ಸರಿಯಿಲ್ಲವೆಂದು ಎಲ್ಲರ ಎದುರು ಮುರಿಯುತ್ತಿದ್ದ. ಭಾನುವಾರ ಇವನು ನನ್ನ ಕಥೆಯನ್ನು ಮುರಿಯುತ್ತಿದ್ದ.

ಒಂದೇ ಒಂದು ಸಲ ನಾನೂ ತಪ್ಪು ಹಿಡಿದಿದ್ದೆ. ನೂರು ವರ್ಷ ಡಬ್ಬಿಯಲ್ಲಿದ್ದ ಭೂಮಿಯ ಎಲೆಯೊಂದನ್ನು ಹಡಗಿನ ನಾಯಕ ತೆಗೆದು, ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡ. ನನಗೆ ನಗು ಬಂತು. ನೆನೆಸದ ಎಲೆಯನ್ನು ಮಡಿಚಿದರೆ ಪುಡಿಯಾಗುತ್ತದೆ ಎಂದೆ. ಸುಧೀರ ನನ್ನ ಮುಖ ನೋಡಿ ಮತ್ತೆ ನೋಟ್‌ಬುಕ್ಕಿಗೆ ಬಗ್ಗಿದ. ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ ಎಂದುಕೊಂಡೆ.

ಕೆಲವು ವಾರದ ಮೇಲೆ ಆ ನಾಯಕ ಸಾಯುವ ಕಂತು ಬಂತು. ರೇಡಿಯೋದಲ್ಲಿ ಅವನು ಭೂಮಿಯಲ್ಲಿರುವ ತಾಯಿಯ ಹತ್ತಿರ ಮಾತಾಡುತ್ತಿದ್ದ. ನಾನು ಬೀಡಿ ಬಿಟ್ಟು ಅಳುತ್ತಿದ್ದೆ. ಸುಧೀರ ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ರೇಡಿಯೋ ಹೋದ ವಾರವೇ ಸುಟ್ಟು ಹೋಗಿದೆ. ಇವನು ಮಾತಾಡುವುದು ಎಂತದರಲ್ಲಿ? ಅಕ್ಕ ಅಳುವುದು ನೋಡಿ. ಆರನೇ ಕ್ಲಾಸಿಗೆ ಬಿಟ್ಟವರಿಗೆ ಇದೆಲ್ಲ ಎಲ್ಲಿ ಗೊತ್ತಾಗ್ತದೆ!"

ಪಕ್ಕದ ಮನೆಯ ಲೀಲಕ್ಕ ನಕ್ಕು ನಕ್ಕು, "ಸಾಕು ಮಾರಾಯ್ತಿ, ಹೊಗೆಸೊಪ್ಪು ಒದ್ದೆಯಾದೀತು" ಎಂದರು. ಅಮ್ಮನೂ ನಕ್ಕರು. ಯಾರ ಶಾಲೆಗಾಗಿ ನಾನು ಶಾಲೆ ಬಿಟ್ಟೆನೋ ಅವನ ಬಾಯಿಂದ ಆ ಮಾತು. ಕೈಯಲ್ಲಿದ್ದ ಬೀಡಿಯ ಬಾಯನ್ನು ಉಗುರಿನಿಂದ ಒತ್ತಿ ಮುಚ್ಚಿದೆ. ನಿನ್ನ ಬಾಯನ್ನೂ ಹೀಗೆಯೇ ಮುಚ್ಚುತ್ತೇನೆ ಎಂದು ಮನಸ್ಸಿನಲ್ಲೇ ಹೇಳಿದೆ.

ಹೆಚ್ಚು ದಿನ ಕಾಯಬೇಕಾಗಲಿಲ್ಲ. ಪ್ರೇಕ್ಷಕರ ಪತ್ರ ಓದುವ ಕಾರ್ಯಕ್ರಮಕ್ಕೆ ಸುಧೀರ ಎಲ್ಲ ತಪ್ಪುಗಳನ್ನೂ ಸೇರಿಸಿ ಆರು ಪುಟ ಬರೆದ. ಮಳೆಯ ಒಂದು ಶನಿವಾರ ಅದನ್ನು ನನ್ನ ಕೈಗೆ ಕೊಟ್ಟು, ಬ್ರಾಂಚಿನ ಎದುರಿನ ಅಂಚೆ ಡಬ್ಬಿಗೆ ಹಾಕು ಅಕ್ಕ ಎಂದು ಹೇಳಿ ಶಾಲೆಗೆ ಹೋದ. ನಾನು ಡಬ್ಬಿಯ ಎದುರಿನಿಂದಲೇ ನಡೆದು ವಾಪಸ್ ಬಂದೆ. ಸಂಜೆ ಎಲೆ ನೆನೆಸುವಾಗ ಆ ಲಕೋಟೆಯನ್ನು ಕಟ್ಟುಗಳ ಅಡಿಗೆ ಇಟ್ಟು ಗೋಣಿ ಸುತ್ತಿದೆ. ಬೆಳಿಗ್ಗೆ ಅದು ನೀಲಿ ಮುದ್ದೆಯಾಗಿತ್ತು. ಒಲೆಗೆ ಹಾಕಿದೆ. ಆಮೇಲೆ ಐದು ವಾರ ಅವನು ಸ್ನಾನ ಮಾಡಿ, ತಲೆ ಬಾಚಿ ಟಿವಿಯ ಎದುರು ಕೂತ. ಒಂದೊಂದು ಪತ್ರ ಓದುವಾಗಲೂ ಅವನ ಕುತ್ತಿಗೆ ಮುಂದೆ ಬರುತ್ತಿತ್ತು, ಮತ್ತೆ ಹಿಂದೆ ಹೋಗುತ್ತಿತ್ತು. ನಾನು ಬೀಡಿ ಸುತ್ತುತ್ತಾ ಅದನ್ನೇ ನೋಡುತ್ತಿದ್ದೆ. ಧಾರಾವಾಹಿಯಿಂದಲೂ ನನಗೆ ಅಷ್ಟು ಖುಷಿ ಸಿಕ್ಕಿರಲಿಲ್ಲ. ಸುಳ್ಳು ಬರೆದು ಪ್ರಯೋಜನವಿಲ್ಲ.

ಆರನೇ ವಾರ ಅವನು ಕೇಳಿದ, "ಅಕ್ಕ, ಹಾಕಿದ್ದಿ ಅಲ್ವಾ?"

"ಹಾಕದೆ ಮತ್ತೆ? ಅಷ್ಟು ಮಳೆಯಲ್ಲೂ ಕೊಡೆ ಹಿಡಿದುಕೊಂಡು ಹೋಗಿದ್ದೇನೆ. ಒಂದು ಹನಿ ಬೀಳ್ಲಿಲ್ಲ ನಿನ್ನ ಕಾಗದಕ್ಕೆ."

ಅವನು ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದ ಕೊಡೆಯ ಕಡೆ ನೋಡಿದ. "ಹೌದಾ" ಎಂದ, ಅಷ್ಟೇ. ಅಂದಿನಿಂದ ನೋಟ್‌ಬುಕ್ ಹಿಡಿಯಲಿಲ್ಲ. ಧಾರಾವಾಹಿಯ ಹೊತ್ತಿಗೆ ಎದ್ದು ಹೊರಗೆ ಹೋಗುತ್ತಿದ್ದ. ಗೆದ್ದೆ ಎಂದುಕೊಂಡೆ. ಮುಂದೆ ಅವನು ಬಲ್ಮಠದ ಒಂದು ಆಫೀಸಿನಲ್ಲಿ ಗುಮಾಸ್ತನಾದ. ಮೇಲಿನವರು ತಪ್ಪು ಬರೆದರೂ ತಿದ್ದದೆ ಟೈಪ್ ಮಾಡುವ ಗುಮಾಸ್ತ ಎಂದು ಅವನ ಹೆಂಡತಿ ತಮಾಷೆ ಮಾಡುವಾಗಲೆಲ್ಲ ನಾನು ತಲೆ ತಗ್ಗಿಸುತ್ತಿದ್ದೆ.

ಹೋದ ವರ್ಷ ಅವನು ಆಸ್ಪತ್ರೆಯಲ್ಲಿದ್ದಾಗ ನಾನು ಪಕ್ಕದಲ್ಲಿದ್ದೆ. ವಾರ್ಡಿನ ಟಿವಿಯಲ್ಲಿ ಯಾವುದೋ ಹಡಗು ನಕ್ಷತ್ರಗಳ ನಡುವೆ ಹೋಗುತ್ತಿತ್ತು. ಅವನನ್ನು ನಗಿಸಬೇಕೆಂದು, ಎಂತ ತಪ್ಪುಂಟು ಹೇಳು ನೋಡುವ ಎಂದೆ. ಅವನು ಟಿವಿ ನೋಡಲಿಲ್ಲ.

"ಕೊಡೆ ನನ್ನ ಹತ್ರ ಇತ್ತಲ್ಲ ಅಕ್ಕ, ಆ ಕಾಗದ ಕೊಟ್ಟ ದಿನ" ಎಂದ. ಮತ್ತೆ ನನ್ನ ಕಡೆ ತಿರುಗಿ ಹೇಳಿದ, "ಎಲೆಯ ವಿಷಯ ಮೊದಲನೇದು ಬರ್ದಿದ್ದೆ. ನಿನ್ನ ಹೆಸರು ಹಾಕಿ. ಟಿವಿಯಲ್ಲಿ ಓದ್ತಾರೆ, ಲೀಲಕ್ಕನಿಗೆಲ್ಲ ಕೇಳ್ತದೆ ಅಂತ."

ನೀರು ಬೇಕಾ ಎಂದು ಕೇಳಿದೆ. ಬೇಡ ಎಂದ. ಎರಡನೇ ವಾರಕ್ಕೆ ಹೋಗಿಬಿಟ್ಟ.

ಯಾರ ತಪ್ಪನ್ನೂ ಬಿಡದವನು ನನ್ನದೊಂದನ್ನು ಅಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ. ಅಮ್ಮನ ಎದುರು ಒಮ್ಮೆ ಹೇಳಿಬಿಟ್ಟಿದ್ದರೆ, ಚಾವಡಿಯ ಹೆಂಗಸರು ನನ್ನನ್ನು ನೋಡಿ ನಕ್ಕಿದ್ದರೆ, ನಾವಿಬ್ಬರೂ ಸಮವಾಗುತ್ತಿದ್ದೆವು. ಅವನು ಸೇಡು ತೀರಿಸಲೇ ಇಲ್ಲ. ಈಗ ಮಳೆಗೆ ಹೊರಟರೆ ಮಗಳು ಕೊಡೆ ತಂದು ಕೈಗೆ ಕೊಡುತ್ತಾಳೆ. ತೆಗೆದುಕೊಳ್ಳುತ್ತೇನೆ. ಗೇಟು ದಾಟಿದ ಮೇಲೆ ಬಿಡಿಸಲು ಕೈ ಬರುವುದಿಲ್ಲ. ಮಡಿಚಿಕೊಂಡೇ ನಡೆಯುತ್ತೇನೆ, ಅದು ಇವತ್ತಿಗೂ ಅವನದೇ ಎಂಬ ಹಾಗೆ.