ಮಾವನ ಕಿವಿಗೆ ಬಿದ್ದ ಕಾಫಿ

ಮುಷ್ಟಿ ತುಂಬ ಒಣಗಿದ ಕಾಫಿ ಹಣ್ಣು ಹಿಡಿದು ಕಿವಿಯ ಬಳಿ ಅಲ್ಲಾಡಿಸಿದ ಮಾವ, ಚೇಳು ಕುಟುಕಿದವರಂತೆ ಅದನ್ನು ಕಣಕ್ಕೆ ಎಸೆದುಬಿಟ್ಟರು.

“ಏನಿದು ಸದ್ದು?”

ಸಿಪ್ಪೆಯೊಳಗೆ ಬೀಜ ಗಲಗಲ ಎಂದರೆ ಕಾಫಿ ಒಣಗಿದೆ ಎಂದರ್ಥ. ನಮ್ಮ ಮನೆಯಲ್ಲಿ ಆ ತೀರ್ಪು ಮಾವನದೇ. ಪ್ರತಿ ಜನವರಿಯಲ್ಲೂ ಅವರು ಅಲ್ಲಾಡಿಸಿ, ಕಣ್ಣು ಮುಚ್ಚಿ, “ಇನ್ನೆರಡು ಬಿಸಿಲು ಬೇಕು” ಎನ್ನುತ್ತಿದ್ದರು. ಅಕ್ಕಪಕ್ಕದವರೆಲ್ಲ ಚೀಲ ಕಟ್ಟಿದ ಮೇಲೂ ನಾವು ಬೆಳಿಗ್ಗೆ ಹರಡಿ, ಸಂಜೆ ಮಂಜಿಗೆ ಹೆದರಿ ಮುಚ್ಚುತ್ತಲೇ ಇರುತ್ತಿದ್ದೆವು. ಈ ಸಲ ಮೋಡ ಕವಿದಿತ್ತು. ಮಳೆ ಬಿದ್ದರೆ ಒಣಗಿದ್ದೆಲ್ಲ ಹಾಳು. ಆದರೂ ಅವರ ಅಪ್ಪಣೆಗೆ ಕಾಯುತ್ತಿದ್ದೆವು. ಹಿಂದಿನ ದಿನವಷ್ಟೇ ಗೋಣಿಕೊಪ್ಪಲಿಗೆ ಕರೆದೊಯ್ದು ಅವರ ಕಿವಿಗೆ ಮೆಷಿನ್ ಹಾಕಿಸಿದ್ದೆವು.

“ಬೀಜದ ಸದ್ದು ಕಣ್ರೀ! ನಾಲ್ಕು ದಿನದಿಂದ ಬಡ್ಕೊಳ್ತಿದ್ದೀನಿ, ಒಣಗಿದೆ ಅಂತ,” ಎಂದರು ಅತ್ತೆ.

“ಸ್ವಲ್ಪ ಜೋರಾಗಿ ಬಡ್ಕೋಬಾರದಿತ್ತಾ?” ಎಂದ ಮಾವ ನಮ್ಮತ್ತ ತಿರುಗಿದರು. “ನಿಂತು ನೋಡ್ತೀರಲ್ಲ, ಚೀಲ ತನ್ನಿ!”

ಕೊನೆಯ ಚೀಲ ಒಳಗೆ ಸೇರಿದಾಗ ಹನಿ ಶುರುವಾಯಿತು. ಹಾಗೆಂದು ನನ್ನ ನೆನಪು, ಮಳೆ ಬಂದದ್ದು ಮರುದಿನವೂ ಇರಬಹುದು.

ಹಳೆಯ ಡೈರಿಗಳನ್ನು ತೆಗೆದು ನೋಡಿದೆ. ಪ್ರತಿ ಜನವರಿಯಲ್ಲೂ ‘ಮಾವನ ತಾಳ್ಮೆ ದೊಡ್ಡದು’ ಎಂದು ಬರೆದಿದ್ದೇನೆ. ನಾನು ಹೇಳಿದ್ದಕ್ಕೆಲ್ಲ ಅವರು ತಲೆಯಾಡಿಸಿ ಒಪ್ಪಿದರು ಎಂದು ಬರೆದ ಪುಟಗಳನ್ನು ಓದುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.